ಅಮೋನಿಯಾದ ಜೋಡಿ

ಎಲ್ಲರ ಉತ್ತರದ ಹಾಳೆಗಳನ್ನೂ ಬಿಚ್ಚಿದಂತೆಯೇ ಹಂಚಿದ ಮಾಸ್ತರ ಕೊಟ್ರೇಶ ನೇತ್ರಾವತಿಯದೊಂದನ್ನು ಮಾತ್ರ ಎರಡು ಮಡಿಕೆ ಮಾಡಿ ಕೈಗಿಟ್ಟದ್ದು ಅವಳಿಗೆ ಅಂಕ ಕಡಿಮೆ ಬಂದದ್ದಕ್ಕಿಂತ ಹೆಚ್ಚು ಚುಚ್ಚಿತು. ಮಡಚಿ ಕೊಡುವುದೆಂದರೆ ಒಳಗೆ ಮುಚ್ಚಬೇಕಾದದ್ದೇನೋ ಇದೆ ಎಂದು ಡಂಗುರ ಹೊಡೆದಂತೆಯೇ ಅಲ್ಲವೇ? ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಆ ಟ್ಯೂಷನ್ ಕೋಣೆಯಲ್ಲಿ ಸೀರೆ ಉಟ್ಟು ಕೂತವಳು ಅವಳೊಬ್ಬಳೇ. ಬರೆಯುವಾಗ ಬಳೆ ಸದ್ದು ಮಾಡುವುದೂ ಅವಳ ಕೈಯಲ್ಲಷ್ಟೇ. ಉಳಿದವರೆಲ್ಲ ಪಿಯುಸಿ ಓದುವ ಹುಡುಗ ಹುಡುಗಿಯರು. ಪಕ್ಕದಲ್ಲಿ ಕೂರುವ ಜೈನಾಬೀ ಮೊದಲ ದಿನವೇ ‘ಆಂಟಿ’ ಎಂದು ಕರೆದು, ಕರೆದದ್ದು ಸರಿಯೋ ತಪ್ಪೋ ತಿಳಿಯದೆ ನಾಲಿಗೆ ಕಚ್ಚಿಕೊಂಡಿದ್ದಳು. ಇವತ್ತು ಅದೇ ಜೈನಾಬೀ ಪೂರ್ತಿ ಅಂಕ ಬಂದ ತನ್ನ ಹಾಳೆಯ ಮೇಲೆ ಅಂಗೈ ಊರಿಕೊಂಡು, ಏನೂ ಆಗದವಳಂತೆ ಕಿಟಕಿಯ ಕಡೆ ನೋಡುತ್ತಿದ್ದಾಳೆ. ಆ ದಯೆಯೂ ಚುಚ್ಚಿತು.

“ಒಬ್ರು ಅಮೋನಿಯಾದ ಕಾಂಜುಗೇಟ್ ಆಸಿಡ್ ಎಚ್‌ಸಿಎಲ್ ಅಂತ ಬರದಾರ,” ಎಂದ ಕೊಟ್ರೇಶ, ಚಾಕ್‌ಪೀಸನ್ನು ಬೆರಳುಗಳಲ್ಲಿ ತಿರುಗಿಸುತ್ತಾ. “ಯಾರಂತ ಹೇಳಂಗಿಲ್ಲ. ಈ ತಪ್ಪು ಎಲ್ಲಾರೂ ಮಾಡ್ತಾರ.”

ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು: “ಅಮೋನಿಯಾಕ್ಕ ವರ ನೋಡಿ ಲಗ್ನ ಮಾಡ್ಯಾರ್ರಿ ಸರ್!”

ಕೋಣೆಗೆ ಕೋಣೆಯೇ ನಕ್ಕಿತು. ಬೋರ್ಡಿನ ಕಡೆ ಹೊರಳುವ ಮೊದಲು ಕೊಟ್ರೇಶನೂ ನಕ್ಕದ್ದನ್ನು ಅವಳು ನೋಡಿದಳು. ನಗುವಾಗ ಅವನ ಎಡಗೆನ್ನೆಯಲ್ಲಿ ಬೀಳುವ ಗುಳಿ ಅವಳಿಗೆ ಗೊತ್ತು, ಅವನಿಗೆ ಗೊತ್ತಾಗುವುದಕ್ಕಿಂತ ಮೊದಲಿನಿಂದ ಗೊತ್ತು. ಯಲಬುರ್ಗಾದಲ್ಲಿ ದೇವೇಂದ್ರಪ್ಪನವರ ಮನೆಗೆ ಅವ್ವ ಕಾಳು ಹಸನು ಮಾಡಲು ಹೋಗುವಾಗ ಲಂಗ ತೊಟ್ಟ ನೇತ್ರಾವತಿಯೂ ಬೆನ್ನು ಹತ್ತುತ್ತಿದ್ದಳು. ಆ ಮನೆಯ ಕೂಸನ್ನು ಸೊಂಟದ ಮೇಲೆ ಹೊತ್ತು ಅಂಗಳ ತಿರುಗುವುದು ಅವಳ ಕೆಲಸ. ಆ ಕೂಸೇ ಈ ಸರ್. ಅವನಿಗೆ ನೆನಪಿರುವುದು ಸಾಧ್ಯವಿಲ್ಲ, ಆದರೆ ತಾಯಿ ಕಳಕಮ್ಮ ಹೇಳಿರಬೇಕು, ಇಲ್ಲದಿದ್ದರೆ ತುಂಬಿದ ಕ್ಲಾಸಿನಲ್ಲಿ ‘ಅಕ್ಕಾರ’ ಅನ್ನುತ್ತಿರಲಿಲ್ಲ. ಅವನು ಅಕ್ಕಾರ ಎಂದಾಗ ಹುಡುಗರೆಲ್ಲ ಅವಳ ಕಡೆ ತಿರುಗುತ್ತಾರೆ. ಅವಳು ಸರ್ ಎಂದಾಗ ಅವನು ನೆಲ ನೋಡುತ್ತಾನೆ. ಅವನ ಮೂಗು ಒರೆಸಿದ ಕೈಯಲ್ಲಿ ಅವನು ಹೇಳಿದ್ದನ್ನು ಬರೆದುಕೊಳ್ಳುವಾಗ ಅವಳಿಗೆ ಒಮ್ಮೊಮ್ಮೆ ನಗು ಬರುವುದುಂಟು. ಇವತ್ತು ಬರಲಿಲ್ಲ. ಅವನು ಬೋರ್ಡಿನ ಮೇಲೆ ಬಾಣ ಎಳೆದು, ಈ ಕಡೆ ಎರಡು, ಆ ಕಡೆ ಎರಡು ಬರೆದು, ಪ್ರೋಟಾನ್ ಕೊಡುವುದು ಆಮ್ಲ, ತಗೊಳ್ಳುವುದು ಪ್ರತ್ಯಾಮ್ಲ, ಕಾಂಜುಗೇಟ್ ಅಂದರೆ ಜೋಡಿ ಎಂದು ಮತ್ತೆ ಮೊದಲಿನಿಂದ ಹೇಳಿದ. ಕೊಡುವುದು, ತಗೊಳ್ಳುವುದು ಅವಳಿಗೆ ತಿಳಿದಿತ್ತು. ಅವಳು ಎಡವುತ್ತಿದ್ದದ್ದು ಜೋಡಿಯ ಹತ್ತಿರ. ಕನ್ನಡದ ಗೈಡಿನಲ್ಲಿ ‘ಸಂಯುಗ್ಮಿ’ ಎಂದಿತ್ತು. ಅದು ಬಾಗಿಲಿಗೆ ಇನ್ನೊಂದು ಬೀಗ ಹಾಕಿದಂತಾಯಿತೇ ಹೊರತು ತೆರೆದಂತಾಗಲಿಲ್ಲ. ಜೋಡಿ ಎಂದರೆ ಎತ್ತಿನ ಜೋಡಿ, ಗಂಡಹೆಂಡಿರ ಜೋಡಿ. ಆಮ್ಲಕ್ಕೆ ಜೋಡಿ ಎದುರಿಗಿದ್ದ ಪ್ರತ್ಯಾಮ್ಲವಲ್ಲದೆ ಇನ್ನು ಯಾರು? ಅಮೋನಿಯಾದ ಪಕ್ಕದಲ್ಲಿ ಎಚ್‌ಸಿಎಲ್ ನಿಂತಿತ್ತು. ಅದನ್ನೇ ಬರೆದಿದ್ದಳು. ಪಕ್ಕದಲ್ಲಿ ನಿಂತವರು ಜೋಡಿಯಲ್ಲ ಎನ್ನುವುದಾದರೆ ಲೋಕದಲ್ಲಿ ಯಾರು ಯಾರಿಗೆ ಜೋಡಿ?

ಕ್ಲಾಸು ಬಿಟ್ಟು ಹುಡುಗರು ಮೆಟ್ಟಿಲು ಇಳಿಯುವಾಗ ಕೊಟ್ರೇಶ ಡಸ್ಟರು ಕೆಳಗಿಟ್ಟು, “ಅಕ್ಕಾರ, ಒಂದೀಟು ನಿಂದ್ರಿ, ಇನ್ನೊಮ್ಮಿ ಹೇಳ್ತೀನಿ,” ಎಂದ.

“ಬಸ್ಸು ಹೋಗ್ತೈತ್ರಿ ಸರ್.”

“ನೀವು ಭಾಳ ದೂರ ಹೋಗಿ ಹುಡುಕಾಕತ್ತೀರಿ. ಅದರ ಜೋಡಿ ಅದರ ಹತ್ರನ ಐತಿ.” ಹೇಳಿದ್ದು ತನಗೇ ಸಾಲದೆನ್ನಿಸಿ ಅವನು ಕೈ ಒರೆಸಿಕೊಂಡ. “ನಾ ಸರಿ ಹೇಳವಲ್ಲೆ ಅನಸ್ತೈತಿ. ನಾಳಿ ಬ್ಯಾರೆ ತರಾ ಹೇಳಿ ನೋಡ್ತೀನಿ. ಬರ್ತೀರಿಲ್ಲ?”

“ಬರ್ತೀನ್ರಿ ಸರ್,” ಎಂದಳು. ಹೊರಡುತ್ತೇನೆ ಎಂಬುದಕ್ಕೂ ಅದೇ ಮಾತು, ನಾಳೆ ಬರುತ್ತೇನೆ ಎಂಬುದಕ್ಕೂ ಅದೇ ಮಾತು. ಅವನು ಯಾವುದನ್ನು ಕೇಳಿಸಿಕೊಂಡನೋ, ಅವಳು ಮೊದಲನೆಯದನ್ನೇ ಹೇಳಿದ್ದಳು. ಮೆಟ್ಟಿಲು ಇಳಿಯುತ್ತಾ ಗೊಬ್ಬರದ ವಾಸನೆಗೂ ಗೋಡೆಯ ಮೇಲಿನ ಬೀಜದ ಕಂಪನಿಯ ಬಣ್ಣದ ಚಿತ್ರಗಳಿಗೂ ಒಳಗೊಳಗೇ ವಿದಾಯ ಹೇಳಿದಳು. ಸಾಕು. ಮದುವೆಗೆ ಮೊದಲು ಕೆಮಿಸ್ಟ್ರಿಯೊಂದರಲ್ಲಿ ಫೇಲಾಗಿ ಉಳಿದ ಪಿಯುಸಿ ಉಳಿದುಕೊಂಡೇ ಇರಲಿ. ಅತ್ತೆ ಫಕೀರಮ್ಮನನ್ನು ಕೊಪ್ಪಳದ ಆಸ್ಪತ್ರೆಯಲ್ಲಿಟ್ಟಾಗ ಒಬ್ಬ ನರ್ಸು ಸೂಜಿ ಚುಚ್ಚುವ ಮುನ್ನ ಮುದುಕಿಯ ತೋಳನ್ನು ಎರಡು ಸಲ ಮೆಲ್ಲಗೆ ಸವರಿದ್ದಳು. ಅದನ್ನೇ ನೋಡುತ್ತಾ ನಿಂತ ಸೊಸೆಗೆ ಅತ್ತೆ ಮಲಗಿದಲ್ಲಿಂದಲೇ, “ಹಂಗ ಏನ್ ನೋಡ್ತಿ, ನಿನಗೂ ಬರ್ತೈತಿ ಅದು,” ಅಂದಿದ್ದಳು. ಅಷ್ಟೇ. ಅಷ್ಟಕ್ಕೇ ನರ್ಸಿಂಗಿನ ಆಸೆ ಬೆಳೆದು, ಪಿಯುಸಿ ಪಾಸಾಗಬೇಕೆಂದಾಗಿ, ದಿನಾ ಬೆಳಗ್ಗೆ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹಿಡಿಯುವ ಈ ಅವತಾರ. ಇವತ್ತೂ ಅಂಗಳ ದಾಟಿದವಳು ತಿರುಗಿ ಬಂದು ಮಗಳ ಕೆನ್ನೆ ಮುಟ್ಟಿದ್ದಳು, ಮತ್ತೆ ಓಣಿಯ ತಿರುವಿನಿಂದ ಹಿಂದಿರುಗಿ ಬಂದು ಅವಳ ಗುಂಡಿ ಹಾಕಿದ್ದಳು. “ಹೋಗs ಮಾರಾಯ್ತಿ, ಕೊಟ್ಟೀಯೋ ಇಲ್ಲೋ ನನ್ನ ಕೈಯಾಗ?” ಎಂದು ಫಕೀರಮ್ಮ ನಕ್ಕಿದ್ದಳು. ಆ ನಗುವಿನಲ್ಲಿ ದೂರು ಇತ್ತೇ? ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬಿಟ್ಟುಬಿಡಲು ಒಂದು ನೆಪವಾದರೂ ಸಿಗುತ್ತಿತ್ತು.

ಮಂಗಳೂರಿನ ಬಸ್ಸು ಬಂತು. ಸಮುದ್ರದ ಮಂಗಳೂರಲ್ಲ, ಸಮುದ್ರವನ್ನು ಟಿವಿಯಲ್ಲಷ್ಟೇ ಕಂಡ, ಯಲಬುರ್ಗಾ ಕಡೆಯ ಈ ಮಂಗಳೂರು. ಜೈನಾಬೀ ಎಲ್ಲರಿಗಿಂತ ಮೊದಲು ಕಿಟಕಿಯಿಂದ ಕರ್ಚೀಫು ಎಸೆದು ಇಬ್ಬರಿಗೂ ಸೀಟು ಹಿಡಿದಿದ್ದಳು. ಊರಿಗೆ ಮುಂಚಿನ ಕ್ರಾಸಿನಲ್ಲಿ ಇಳಿಯುವವಳು ಅವಳು. ನೇತ್ರಾವತಿಗೆ ಕಿಟಕಿ ಬಿಟ್ಟುಕೊಟ್ಟಳು. ಅದೂ ದಯೆಯೇ ಇರಬೇಕು ಎಂದುಕೊಂಡು, ಇವತ್ತು ಎಲ್ಲದರಲ್ಲೂ ದಯೆಯನ್ನೇ ಹೆಕ್ಕುತ್ತಿರುವ ತನ್ನ ಬಗ್ಗೆ ಬೇಸರವಾಗಿ, “ನೀನ ಕೂಡು ಒಳಗ, ನನಗ ಗಾಳಿ ಆಗಂಗಿಲ್ಲ,” ಎಂದು ಸುಳ್ಳು ಹೇಳಿ ಈಚೆ ಬದಿಗೆ ಕೂತಳು. ಜನ ತುಂಬಿದರು. ಕುರಿಮರಿಯೊಂದು ಯಾರದೋ ಚೀಲದಿಂದ ತಲೆ ಹೊರಹಾಕಿ ಕೂಗಿತು. ಬಸ್ಸು ಹೊರಟು ದಾಳಿಂಬೆ ತೋಟಗಳ ಸಾಲು ಹತ್ತುವ ಹೊತ್ತಿಗೆ ಒಂದು ಸ್ಟಾಪಿನಲ್ಲಿ ತಲೆ ತುಂಬ ಅಬ್ಬಲಿಗೆ ಮುಡಿದ ಹರೆಯದ ಹೆಂಗಸೊಬ್ಬಳು ಕಂಕುಳಲ್ಲಿ ಕೂಸು, ಹೆಗಲಲ್ಲಿ ಚೀಲ, ಬಾಯಲ್ಲಿ ಟಿಕೇಟಿನ ನೋಟು ಹಿಡಿದು ನುಗ್ಗಿದಳು. ಸೀಟಿರಲಿಲ್ಲ. ಅವಳು ನೇತ್ರಾವತಿಯ ಮುಖವನ್ನೂ ಸರಿಯಾಗಿ ನೋಡದೆ, “ಯಕ್ಕಾ, ಹಿಡೀರಿ ಇವನ್ನ,” ಎಂದು ಕೂಸನ್ನು ಅವಳ ತೊಡೆಯ ಮೇಲೆ ಇಳಿಸಿ, ಕಂಬಕ್ಕೆ ಬೆನ್ನು ಕೊಟ್ಟು, ಗುರುತಿನವರ ಜೊತೆ ಗಂಗಾವತಿಯ ತಂಗಿಗೆ ಸಂಬಂಧ ಕೂಡಿದ ಸುದ್ದಿ ಶುರು ಮಾಡಿಬಿಟ್ಟಳು. ತಿರುಗಿ ನೋಡಲೇ ಇಲ್ಲ.

ಕೂಸು ನೇತ್ರಾವತಿಯನ್ನು ಒಂದು ಗಳಿಗೆ ಪರೀಕ್ಷಿಸಿ, ಪರವಾಗಿಲ್ಲ ಎಂದು ತೀರ್ಮಾನಿಸಿ, ಅವಳ ತಾಳಿಯ ದಾರ ಹಿಡಿದುಕೊಂಡಿತು. ಹಿಡಿದದ್ದೇ ತಡ ಅವಳ ಮೊಣಕೈ ತಾನಾಗಿ ಬಾಗಿತು, ಬೆನ್ನು ಮುಂದೆ ಬಂತು, ಬಲಗಾಲು ಬಸ್ಸಿನ ಕುಲುಕಾಟಕ್ಕೆ ತಡೆಯಾಗಿ ಊರಿತು. ಎದುರಿಗಿದ್ದ ಮುದುಕ “ಕೂಸಿನಾಕಿ ಅದಾಳ, ಸರೀರಿ,” ಎಂದು ತನ್ನ ಗಂಟನ್ನು ಎಳೆದುಕೊಂಡ. ಕೂಸಿನಾಕಿ! ಈಗ ತಾನೇ ಕೂಸಿನಾಕಿ ಎಂದರೆ ಆ ಅಬ್ಬಲಿಗೆಯವಳಲ್ಲವೇ? ಅವಳೀಗ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಹತ್ತುವಾಗ ಒಂದು ಕಡೆ ವಾಲಿದ್ದ ಸೊಂಟ ನೆಟ್ಟಗಾಗಿತ್ತು. ಅವಳೇ, ಅದೇ ಹೂ, ಅದೇ ಚೀಲ, ಕೂಸೊಂದು ಕಡಿಮೆ. ನೇತ್ರಾವತಿಯೂ ಅವಳೇ, ಅದೇ ಸೀರೆ, ಅದೇ ಮಡಚಿದ ಹಾಳೆ, ಕೂಸೊಂದು ಹೆಚ್ಚು. ಯಲಬುರ್ಗಾದ ಅಂಗಳದಲ್ಲಿ ಕಳಕಮ್ಮ ಕೊಟ್ರೇಶನನ್ನು ಅವಳ ಸೊಂಟಕ್ಕೆ ಕೊಡುವಾಗ ಹೀಗಿರಲಿಲ್ಲ. ಕೊಟ್ಟ ಮೇಲೂ ಆಕೆಯ ಎರಡೂ ಕೈ ಗಾಳಿಯಲ್ಲಿ ಚಾಚಿಯೇ ಇರುತ್ತಿದ್ದವು, “ಹುಷಾರs, ಕುತ್ತಿಗಿ ಹಿಡಿ, ಇಲ್ಲಿ ಕೊಡು, ಬ್ಯಾಡ ಕೊಡು” ಎಂದು ಕೊಟ್ಟದ್ದನ್ನು ಮರುಗಳಿಗೆಯೇ ಕಸಿದುಕೊಳ್ಳುತ್ತಿದ್ದಳು. ಬೆಳಗ್ಗೆ ಓಣಿಯ ತಿರುವಿನಿಂದ ಹಿಂದಿರುಗಿದ ತನ್ನ ಕೈಗಳೂ ಹಾಗೇ ಚಾಚಿದ್ದವೇನೋ. ಕೊಡುವವರಲ್ಲೂ ಎಷ್ಟು ತರಹ! ಈ ಅಬ್ಬಲಿಗೆಯವಳು ಕೊಟ್ಟಳೆಂದರೆ ಕೊಟ್ಟಳು, ಅವಳಿಗೆ ವಾಪಸು ಬೇಕೆಂಬ ಗೊಡವೆಯೇ ಇಲ್ಲ. ನೇತ್ರಾವತಿ ಅವಳನ್ನು ನೋಡಿದಳು, ಮಡಿಲಿನ ಕೂಸನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಮತ್ತು ಯಾವ ಮುನ್ಸೂಚನೆಯೂ ಇಲ್ಲದೆ, ಕಿವಿಯಲ್ಲಿ ಕೂತ ನೀರು ತಟ್ಟನೆ ಹರಿದು ಹೊರಬಂದು ಲೋಕದ ಸದ್ದೆಲ್ಲ ಸ್ವಚ್ಛವಾಗುವಂತೆ, ತಿಳಿಯಿತು: ಅವಳ ಜೋಡಿ ನಾನಲ್ಲ. ಕೂಸಿದ್ದ ಅವಳ ಜೋಡಿ ಕೂಸಿಲ್ಲದ ಅವಳೇ.

“ಜೈನಾ!” ಎಂದು ಕೂಗಿದಳು; ಪಕ್ಕದಲ್ಲೇ ಕೂತವಳನ್ನು ಕೂಗುವ ಅಗತ್ಯವಿರಲಿಲ್ಲ. “ಜೈನಾ, ಅಮೋನಿಯಾದ ಜೋಡಿ ಎಚ್‌ಸಿಎಲ್ ಅಲ್ಲ!”

“ಅಲ್ರಿ ಆಂಟಿ,” ಎಂದಳು ಜೈನಾಬೀ ಹೆದರಿ. “ಅಮೋನಿಯಂ.”

“ಅಮೋನಿಯಂ ಅಂದ್ರ ಏನು?”

“ಎನ್‌ಎಚ್‌ಫೋರ್ ಪ್ಲಸ್.”

“ಅದಲ್ಲಬೇ. ಅಮೋನಿಯಂ ಅಂದ್ರ ಅಮೋನಿಯಾನ! ಮಡಿಲಾಗ ಕೂಸು ಕುಂದ್ರಿಸಿಕೊಂಡ ಅಮೋನಿಯಾ. ನೋಡಿಲ್ಲಿ, ಆಕಿ ಎಚ್‌ಸಿಎಲ್. ನಾ ಅಮೋನಿಯಾ. ಈ ಬಂಗಾರ ಪ್ರೋಟಾನು. ಕೊಟ್ಟ ಮ್ಯಾಲ ಆಕಿ ಕ್ಲೋರೈಡ್, ತಗೊಂಡ ಮ್ಯಾಲ ನಾ ಅಮೋನಿಯಂ. ಆಕಿ ಜೋಡಿ ಆಕೀನ, ನನ್ನ ಜೋಡಿ ನಾನ. ನಡುವ ಒಂದು ಕೂಸಿನ ಫರಕು, ಅಷ್ಟ!”

ಪೂರ್ತಿ ಅಂಕ ತೆಗೆದ ಜೈನಾಬೀ ಬೋರ್ಡನ್ನು ಚಿತ್ರದಂತೆ ನೆನಪಿಟ್ಟುಕೊಂಡವಳು. ಆ ಚಿತ್ರ ಈಗ ಅಲುಗಾಡಲು ಶುರುಮಾಡಿದ್ದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. “ತಡೀರಿ ಆಂಟಿ. ಹಂಗಾರ ನೀರು ಎರಡೂ ಹೆಂಗಾಗ್ತೈತಿ? ಒಮ್ಮಿ ಆಸಿಡ್ ಅಂತಾರ, ಒಮ್ಮಿ ಬೇಸ್ ಅಂತಾರ.”

ನೇತ್ರಾವತಿ ಯೋಚಿಸಲಿಲ್ಲ. ಕೂಸನ್ನೆತ್ತಿ ಜೈನಾಬೀಯ ಮಡಿಲಿಗಿಟ್ಟಳು. “ಈಗ ನಾ ಯಾರು? ಆಗ ಆಕಿ ಕಡಿಂದ ತಗೊಂಡೆ, ಬೇಸ್ ಆದೆ. ಈಗ ನಿನಗ ಕೊಟ್ಟೆ, ಆಸಿಡ್ ಆದೆ. ಎದರಿಗೆ ಯಾರ ಅದಾರ ಅನ್ನೂದರ ಮ್ಯಾಲ ಐತಿ.”

ಕೂಸಿಗೆ ಈ ವ್ಯವಹಾರ ಹಿಡಿಸಿ ಅದು ಕೇಕೆ ಹಾಕಿತು. “ಎಚ್‌ಟುಎಸ್‌ಓಫೋರ್ ಹೇಳ್ರಿ ಹಂಗಾರ,” ಎಂದಳು ಜೈನಾಬೀ, ಈಗ ಅವಳ ದನಿಯೂ ಏರಿತ್ತು.

“ಆಕಿ ಅವಳಿ ಹಡದಾಕಿ! ಒಂದು ಕೊಟ್ಲು, ಇನ್ನೊಂದು ಕಂಕುಳಾಗ ಉಳೀತು. ಎಚ್‌ಎಸ್‌ಓಫೋರ್. ಕೊಟ್ಟದ್ದು ಪ್ಲಸ್ಸು, ಅದಕ್ಕ ಈಕಡಿ ಮೈನಸ್ಸು.” ಹೇಳುತ್ತಾ ಹೇಳುತ್ತಾ ಅವಳಿಗೇ ಇನ್ನೊಂದು ಬಾಗಿಲು ತೆರೆಯಿತು. “ಮತ್ತ ನೋಡು, ಜೋರಿನ ಆಸಿಡ್ಡಿನ ಜೋಡಿ ಸಪ್ಪನ ಬೇಸ್ ಅಂತ ಸರ್ ಹೇಳ್ತಿದ್ರಲ್ಲ, ನಾವು ಸುಮ್ಮ ಬರಕೊಂಡ್ವಿ. ಆಕಿನ್ನ ನೋಡು. ಎಷ್ಟ್ ಹಗುರ ಕೊಟ್ಟಾಳ! ಅಷ್ಟ್ ಹಗುರ ಕೊಟ್ಟಾಕಿ ತಿರಗಿ ಕೇಳತಾಳೇನು? ಬಿಡಲಾರದ ಬಿಟ್ಟಾಕಿ ಕೈ ಚಾಚಿಕೊಂಡ ನಿಂದರ್ತಾಳ. ಅದು ಸಪ್ಪನ ಆಸಿಡ್ಡು, ಅದರ ಜೋಡಿ ಜೋರು.” ಕಂಬದ ಹತ್ತಿರದವಳಿಗೆ ಮಾತು ತನ್ನ ಮೇಲೆ ಬಂದದ್ದು ತಿಳಿದು ತಿರುಗಿದಳು. ನೇತ್ರಾವತಿ ಅವಳಿಗೆ ಕೈ ಮುಗಿಯುವುದೊಂದು ಬಾಕಿ. “ಯವ್ವಾ, ನೀ ಭಾರೀ ಜೋರಿನ ಆಸಿಡ್ ಅದಿ ನೋಡು!”

“ಏನಂದ್ರಿ? ಆಸಿಡ್ಡಾ?” ಹೆಂಗಸಿನ ಕಣ್ಣು ಕೆಂಪಗಾದವು. “ಬಚ್ಚಲಕ್ಕ ಹಾಕೂ ಆಸಿಡ್ಡೇನ್ರಿ ನಾ? ಕೂಸು ಹಿಡಕೊಳ್ರಿ ಅಂದ್ರ ಬಾಯಿಗೆ ಬಂದದ್ದು ಅಂತೀರಲ್ಲ!”

“ಛಲೋ ಆಸಿಡ್ರಿ! ಪರೀಕ್ಷಾದಾಗಿಂದು!” ಎಂದು ಜೈನಾಬೀ ಎದ್ದು ನಿಂತು ಸಮಾಧಾನ ಮಾಡಿದಳು. ಎದುರಿನ ಮುದುಕ ನಕ್ಕ, ನಿಂತವರು ಕೂತವರು ನಕ್ಕರು, ಕಡೆಗೆ ಆ ಹೆಂಗಸೂ ಸೆರಗು ಬಾಯಿಗಿಟ್ಟು ನಕ್ಕಳು. ಇದೇ ನಗು ಬೆಳಗ್ಗೆ ಆ ಕೋಣೆಯಲ್ಲಿ ಅವಳ ಮೇಲೆ ಬಿದ್ದಿತ್ತು. ಈಗ ಅದರ ಒಳಗೆ ಅವಳೂ ಕೂತಿದ್ದಳು, ನಡುವೆಯೇ ಕೂತಿದ್ದಳು, ಮತ್ತು ಅಳು ಬಂದಂತಾಗಿ ಕುರಿಮರಿಯ ಕಡೆ ಮುಖ ತಿರುಗಿಸಿದಳು. ಹೊರಗೆ ತೋಟಗಳ ದಾಳಿಂಬೆ ಹೂಗಳು ಇಷ್ಟು ಕೆಂಪಗಿರುತ್ತವೆಂದು ಇಷ್ಟು ದಿನ ಇದೇ ದಾರಿಯಲ್ಲಿ ಓಡಾಡಿದರೂ ನೋಡಿರಲಿಲ್ಲ. ಕ್ರಾಸಿನಲ್ಲಿ ಜೈನಾಬೀ ಕೂಸನ್ನು ತಾಯಿಗೆ ಕೊಟ್ಟು, ಇಳಿದು, ಬಸ್ಸು ಹೊರಟ ಮೇಲೂ ಕಿಟಕಿಯ ಕೆಳಗೆ ಓಡುತ್ತಾ, “ಆಂಟಿ, ನೀರಿನ ಜೋಡಿ ಎರಡು! ಆಕಡಿ ಒಂದು, ಈಕಡಿ ಒಂದು!” ಎಂದು ಕೂಗಿದಳು. ಹೌದು, ಹೌದು ಎಂದು ನೇತ್ರಾವತಿ ಕಿಟಕಿಯ ಬದಿಗೆ ಸರಿದು ಕೈ ಹೊರಗೆ ಹಾಕಿ ಎರಡು ಬೆರಳು ತೋರಿಸಿದಳು. ಕಂಡಕ್ಟರು ಕೈ ಒಳಗೆ ತಗೊಳ್ರಿ ಎಂದು ಗದರಿದ. ತಗೊಂಡಳು.

ಮಂಗಳೂರಿನ ಸ್ಟಾಪಿನಲ್ಲಿ ಗಂಡ ರಾಮಾಂಜನೇಯನ ಟಂಟಂ ನಿಂತಿತ್ತು. ದಾಳಿಂಬೆ ತೋಟದ ಕೆಲಸ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ಬಂದವನು ಅವಳಿಗಾಗಿ ಒಂದು ಗಳಿಗೆ ನಿಲ್ಲಿಸಿದ್ದ, ಆದರೆ ಇಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು. ಅವನ ಗಾಡಿ ನಿಂತಲ್ಲಿಯೂ ಅವಸರ ಮಾಡುತ್ತದೆ ಎಂದು ಊರೆಲ್ಲ ಆಡಿಕೊಳ್ಳುವುದಿದೆ. ಅವಳು ಹೆಂಗಸರ ನಡುವೆ ಸಂದಿ ಮಾಡಿಕೊಂಡು ಕೂತಳು. ಅವರ ಮೈಯಲ್ಲಿ ಔಷಧಿಯ, ಎಲೆಯ, ಬಿಸಿಲಿನ ವಾಸನೆ. ಹಿರಿಯಳಾದ ರೇಣುಕಮ್ಮ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಯಾಕಬೇ ನೇತ್ರವ್ವಾ, ಒಬ್ಬಾಕೀನ ನಗಾಕತ್ತೀ? ಏನ್ ಸಿಕ್ತು ಕುಷ್ಟಗ್ಯಾಗ?”

ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆಯೇ. ಬಸ್ಸು, ಕೂಸು, ಅಬ್ಬಲಿಗೆಯವಳ ಕೋಪ, ಕೊಟ್ಟವಳು, ತಗೊಂಡವಳು, ಅವಳಿ ಹಡೆದವಳು, ಎಲ್ಲವೂ ಒಂದರ ಮೇಲೊಂದು ಬಿದ್ದು ಬಂದವು. ಹೆಂಗಸರು ಆಮ್ಲವನ್ನು ಬಿಟ್ಟು ಕೂಸನ್ನು ಹಿಡಿದುಕೊಂಡು ಕೇಳಿದರು, ಕೇಳಿದವರಿಗೆ ಆಮ್ಲವೂ ಅಷ್ಟಿಷ್ಟು ಸಿಕ್ಕಿತು. ಕಳಕಮ್ಮನ ಚಾಚಿದ ಕೈಯ ಹತ್ತಿರ ಬಂದಾಗ ರೇಣುಕಮ್ಮ, “ನಮ್ಮ ನೆಗೆಣ್ಣಿ ಹಂಗ, ಸಾಸವಿ ಕೊಟ್ಟರೂ ಕೈ ಮುಚ್ಚಾಂಗಿಲ್ಲ,” ಎಂದಳು. ಆಗ ನೇತ್ರಾವತಿಗೆ ತನ್ನ ದನಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿಸಿತು, ಯಾಕೆಂದು ತಿಳಿಯಲು ತುಸು ಹೊತ್ತು ಬೇಕಾಯಿತು. ರಾಮಾಂಜನೇಯ ಇಂಜಿನ್ನು ಬಂದ್ ಮಾಡಿದ್ದ. ಹ್ಯಾಂಡಲ್ಲಿನ ಮೇಲೆ ಮೊಣಕೈ ಊರಿ, ಬೆನ್ನು ತಿರುಗಿಸಿಕೊಂಡೇ, ಒಂದು ಕಿವಿಯನ್ನು ಹಿಂದಕ್ಕೆ ಕೊಟ್ಟು ಕೂತಿದ್ದ. ಅವಳು ಮುಗಿಸಿದಳು. ಯಾರೂ ಗಾಡಿ ಬಿಡು ಎನ್ನಲಿಲ್ಲ.

“ಅಲ್ಲs,” ಎಂದ ಅವನು ಕೊನೆಗೆ, ರಸ್ತೆಯನ್ನೇ ನೋಡುತ್ತಾ. “ಆಕಿ ನಿನಗ ಕೊಟ್ಲು, ನೀ ಆ ಹುಡುಗಿಗೆ ಕೊಟ್ಟಿ, ಆಕಿ ಮತ್ತ್ಯಾರಿಗರ ಕೊಡ್ತಾಳ. ಬಸ್ಸಿನಾಗಿಂದು ಬಿಡು, ಅದಕ್ಕ ತಾಯಿ ಅದಾಳ. ನಿಮ್ಮ ಪುಸ್ತಕದಾಗಿನ ಕೂಸು, ಅದು ಯಾರದು?”

ನೇತ್ರಾವತಿ ಅವನ ಬೆನ್ನನ್ನು ನೋಡಿದಳು. ಇದು ಗೈಡಿನಲ್ಲಿ ಇರಲಿಲ್ಲ, ಬೋರ್ಡಿನ ಮೇಲೂ ಬಂದಿರಲಿಲ್ಲ. ಮೊದಲು ಯಾರ ಹತ್ತಿರ ಇತ್ತೋ ಅವರದು ಎನ್ನಬಹುದಿತ್ತು, ಆದರೆ ಅವರಿಗೆ ಯಾರು ಕೊಟ್ಟರು? ರೇಣುಕಮ್ಮ, “ಸಾಕಿದಾಕೀದು, ಮತ್ತ್ಯಾರದು,” ಎಂದಳು. “ಹಡದಾಕೀದು,” ಎಂದಳು ಇನ್ನೊಬ್ಬಳು. ಮೂಲೆಯಲ್ಲಿದ್ದವಳು ಕೂಸು ಯಾರನ್ನು ಬಿಡುವುದಿಲ್ಲವೋ ಅವರದು ಎಂದು ಹೊಸ ತೀರ್ಪು ಕೊಟ್ಟಳು, ಮೂವರೂ ಒಂದೇ ಸಲ ಮಾತಾಡತೊಡಗಿದರು, ಟಂಟಂ ನಿಂತಲ್ಲೇ ಅಲುಗಾಡಿತು.

“ನನಗ ಗೊತ್ತಿಲ್ಲಪಾ,” ಎಂದಳು ನೇತ್ರಾವತಿ. ಗೊತ್ತಿಲ್ಲ ಎನ್ನುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. “ನಾಳಿ ಸರ್‌ನ್ನ ಕೇಳ್ಕೊಂಡು ಬಂದು ಹೇಳ್ತೀನಿ.”

ರಾಮಾಂಜನೇಯ ಇಂಜಿನ್ನು ಹೊಡೆದ. ಗಾಡಿ ಓಣಿಗೆ ತಿರುಗಿ ಮೊದಲ ತಗ್ಗಿನಲ್ಲಿ ಎಲ್ಲರನ್ನೂ ಒಬ್ಬರ ಮೇಲೊಬ್ಬರನ್ನು ಎಸೆದಾಗ ಮಾತ್ರ ಅವಳಿಗೆ ತಾನು ನಾಳೆ ಎಂದದ್ದು ಕೇಳಿಸಿತು.